ಷರಾ ಇಲ್ಲದ ಸಾಲು

ಪಟ್ಟಿಯ ಹದಿನಾಲ್ಕನೇ ಸಾಲು ಚರ್ಚೆಗೆ ಬಂದ ಕೂಡಲೇ ಸಮಿತಿಯ ಕಾರ್ಯದರ್ಶಿ ಕುರ್ಚಿ ಹಿಂದಕ್ಕೆ ಸರಿಸಿ ಎದ್ದು ನಿಂತಳು.

"ಸರ್, ಇದು ನಮ್ಮಕ್ಕನ ಯೋಜನೆ. ನಾನು ಹೊರಗಿರ್ತೀನಿ."

ಅಧ್ಯಕ್ಷರು ಮೆಚ್ಚಿ ತಲೆದೂಗಿದರು. "ನೋಡಿ, ನಿಯಮ ಅಂದ್ರೆ ಹೀಗಿರ್ಬೇಕು. ಇವರನ್ನ ನೋಡಿ ಕಲೀಬೇಕು ನಾವು."

ಆ ಹೊಗಳಿಕೆ ಕಿವಿಯಲ್ಲಿರುವಾಗಲೇ ಅವಳು ಬಾಗಿಲು ಎಳೆದುಕೊಂಡು ಕಾರಿಡಾರಿನಲ್ಲಿ ನಿಂತಳು. ಒಳಗಿದ್ದವರು ಸಂಶೋಧನೆಗೆ ಸರ್ಕಾರದ ನೆರವು ಹಂಚುವ ನಾಲ್ಕು ಸಂಸ್ಥೆಗಳ ಹಿರಿಯರು. ಇಷ್ಟು ವರ್ಷ ಒಬ್ಬರ ಕಾಗದಕ್ಕೆ ಇನ್ನೊಬ್ಬರು ಉತ್ತರ ಕೊಟ್ಟವರಲ್ಲ. ಹೊಸ ವಿಜ್ಞಾನ ನೀತಿಗೆ ಎಲ್ಲರೂ ಕೂಡಿ ಸಲಹೆ ಕೊಡಬೇಕೆಂದು ಮಂತ್ರಿಗಳು ಪಟ್ಟು ಹಿಡಿದಿದ್ದರಿಂದ ಹೋದ ವರ್ಷ ಒಂದೇ ಮೇಜಿಗೆ ಬಂದಿದ್ದರು. ಬಂದು ಮೂರು ದಿನ ಜಗಳಾಡಿದ್ದರು. ಮುಖಪುಟದಲ್ಲಿ ಯಾರ ಲಾಂಛನ ಮೊದಲು ಎಂಬುದಕ್ಕೇ ಒಂದು ಮಧ್ಯಾಹ್ನ ಹೋಗಿತ್ತು. ಕೊನೆಗೆ ಕಾರ್ಯದರ್ಶಿಯೇ ಒಂದು ವಾಕ್ಯ ಬರೆದು ಮುಂದಿಟ್ಟಿದ್ದಳು: "ಒಂದೇ ಕೆಲಸಕ್ಕೆ ಎರಡು ಸಂಸ್ಥೆಗಳು ನೆರವು ನೀಡತಕ್ಕದ್ದಲ್ಲ." ನಾಲ್ಕೂ ತಲೆಗಳು ಒಟ್ಟಿಗೆ ಆಡಿದ್ದು ಅದೊಂದೇ ಸಲ. ನೀತಿಯಲ್ಲಿ ಆ ವಾಕ್ಯ ಒಂದಕ್ಷರವೂ ಬದಲಾಗದೆ ಅಚ್ಚಾಯಿತು. ಅವಳು ಆ ಪುಟವನ್ನು ಮನೆಗೆ ತಂದು ಗಂಡನಿಗೆ ತೋರಿಸಿದ್ದಳು.

ಅಕ್ಕ ಸೊಳ್ಳೆ ಸಾಕುತ್ತಿದ್ದಳು. ನೆಂಟರ ಮನೆಗಳಲ್ಲಿ ಇದೊಂದು ತಮಾಷೆ. ಮಕ್ಕಳೆಲ್ಲ ಅವಳನ್ನು ಸೊಳ್ಳೆ ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷದ ಹಿಂದೆ ಔಷಧಿಯ ಗಾಳಿಯೂ ಸೋಕದ ಒಂದು ಹೊಂಡದಿಂದ ಮರಿಗಳನ್ನು ತಂದು, ಬೇರೆ ಸೊಳ್ಳೆ ಬೆರೆಯದಂತೆ ಅದೇ ವಂಶವನ್ನು ಬೆಳೆಸಿಕೊಂಡು ಬಂದಿದ್ದಳು. ಜ್ವರ ಹಬ್ಬಿದಾಗ ಸಿಂಪಡಿಸುವ ಔಷಧಿಗೆ ಊರಿನ ಸೊಳ್ಳೆ ಬಗ್ಗುತ್ತದೋ ಇಲ್ಲವೋ ಎಂದು ಹೇಳಬೇಕಾದರೆ, ಔಷಧಿಯನ್ನೇ ಕಾಣದ ಈ ಸೊಳ್ಳೆಗಳ ಪಕ್ಕದಲ್ಲಿಟ್ಟು ನೋಡಬೇಕಿತ್ತು. ಅಂಥ ವಂಶ ದೇಶದಲ್ಲಿ ಬೇರೆಲ್ಲೂ ಇರಲಿಲ್ಲ. ಆರೋಗ್ಯದ ಸಂಸ್ಥೆ ಇಬ್ಬರು ಸಹಾಯಕರ ಸಂಬಳ ಕೊಡುತ್ತಿತ್ತು. ಜೀವವಿಜ್ಞಾನದ ಸಂಸ್ಥೆ ಕೋಣೆಯನ್ನೂ ಅದರ ಬಿಸಿ-ತಂಪನ್ನೂ ನೋಡಿಕೊಳ್ಳುತ್ತಿತ್ತು.

ಎರಡು ಕಡೆ ನೆರವು ಪಡೆಯುವವರ ಪಟ್ಟಿ ತಯಾರಿಸಿದವಳೂ ಕಾರ್ಯದರ್ಶಿಯೇ. ಪ್ರತಿ ಸಾಲಿನ ಕೊನೆಗೂ ಷರಾ ಬರೆಯಲು ಜಾಗವಿತ್ತು. ಹದಿನಾಲ್ಕನೆಯದರ ಮುಂದೆ ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದಳು. ಕೊನೆಗೆ ಖಾಲಿ ಬಿಟ್ಟಳು. ಅಕ್ಕನ ಪರ ವಹಿಸಿದಳು ಅನ್ನಿಸಿಕೊಳ್ಳುವುದು ಬೇಡವಾಗಿತ್ತು.

ಹನ್ನೊಂದು ನಿಮಿಷದ ಮೇಲೆ ಒಳಗೆ ಕರೆದರು. ಎಲ್ಲರ ಮುಖದಲ್ಲೂ ನಗು. ಏನಾಯಿತೆಂದು ಅವಳು ಕೇಳಲಿಲ್ಲ, ಕೇಳುವಂತೆಯೂ ಇರಲಿಲ್ಲ.

ಒಂದು ವಾರದ ಮೇಲೆ ನಡಾವಳಿ ಕೈಗೆ ಬಂತು. ಆರೋಗ್ಯದ ಸಂಸ್ಥೆ, ಸಹಕಾರದ ಮನೋಭಾವದಿಂದ, ಯೋಜನೆಯನ್ನು ಜೀವವಿಜ್ಞಾನದವರಿಗೆ ಬಿಟ್ಟುಕೊಟ್ಟಿತ್ತು. ಜೀವವಿಜ್ಞಾನದ ಸಂಸ್ಥೆ, ಅದೇ ಮನೋಭಾವದಿಂದ, ಆರೋಗ್ಯದವರಿಗೆ ಬಿಟ್ಟುಕೊಟ್ಟಿತ್ತು. ಎರಡೂ ಸರ್ವಾನುಮತದಿಂದ ಅಂಗೀಕಾರ. ಅವಳು ಆ ಪುಟವನ್ನು ಮೂರು ಸಲ ಓದಿದಳು.

ಆರೋಗ್ಯದ ಸಂಸ್ಥೆಯ ನಿರ್ದೇಶಕರಿಗೆ ಫೋನ್ ಮಾಡಿದಳು.

"ಅಯ್ಯೋ ಮೇಡಂ, ನಿಮ್ಮ ಅಕ್ಕ ಅಂತ ಗೊತ್ತಾದ್ಮೇಲೆ ನಾವು ಎಳೆದಾಡೋದು ಚೆನ್ನಾಗಿರುತ್ತಾ? ಗೌರವವಾಗಿ ಹಿಂದೆ ಸರಿದ್ವಿ."

"ಅವರೂ ಸರಿದಿದ್ದಾರೆ ಸರ್."

"ಹೌದಾ! ಅವತ್ತು ಯಾರೂ ಗಮನಿಸ್ಲೇ ಇಲ್ವಲ್ಲ!" ಆ ಕಡೆ ಪುಟ ತಿರುವಿದ ಸದ್ದು. "ಹಾಗಾದ್ರೆ ಮುಂದಿನ ಸಭೆಗೆ ತನ್ನಿ."

ಮುಂದಿನ ಸಭೆ ಆರು ತಿಂಗಳಿಗೆ. ಅಧ್ಯಕ್ಷರ ಕೋಣೆಗೂ ಹೋದಳು. ಅವರು ಅವಳ ಮಾತು ಪೂರ್ತಿ ಕೇಳಿಸಿಕೊಂಡರು. "ನೀವಾಗಿ ಈ ವಿಷಯ ಎತ್ತಿದ್ರೆ, ಅವತ್ತು ಎದ್ದು ಹೋಗಿದ್ದಕ್ಕೆ ಏನರ್ಥ ಬಂತು ಹೇಳಿ?" ಎಂದರು. ಮೇಜಿನ ಮೇಲೆ ಮಂತ್ರಿಗಳಿಗೆ ಹೋಗಬೇಕಿದ್ದ ವರದಿ ಇತ್ತು. ಸಹಕಾರದ ಮೊದಲ ಫಲ ಎಂಬ ತಲೆಬರಹದ ಕೆಳಗೆ ಹದಿನಾಲ್ಕನೇ ಸಾಲೂ ಸೇರಿತ್ತು.

ಎರಡು ತಿಂಗಳ ಮೇಲೆ ಒಂದು ಶನಿವಾರ ಬೆಳಿಗ್ಗೆ ಅವಳು ಅಕ್ಕನ ಪ್ರಯೋಗಾಲಯಕ್ಕೆ ಹೋದಳು. ಎರಡೂ ಕಡೆಯ ಹಣ ನಿಂತು, ಸಹಾಯಕರು ಆಗಲೇ ಬೇರೆ ಕೆಲಸ ಹುಡುಕಿಕೊಂಡು ಹೋಗಿದ್ದರು. ಕೋಣೆಯನ್ನು ಸೋಮವಾರ ಬಿಟ್ಟುಕೊಡಬೇಕಿತ್ತು. ಸೊಳ್ಳೆಗಳನ್ನು ಬೇರೆಯವರಿಗೆ ಕೊಡೋಣವೆಂದರೆ ಸಾಕಲು ಬೇಕಾದ ಕೋಣೆ ಯಾರಲ್ಲೂ ಇರಲಿಲ್ಲ, ಹೊರಗೆ ಬಿಡುವಂತಿರಲಿಲ್ಲ. ಅಕ್ಕ ಬಲೆಯ ಪಂಜರಗಳನ್ನು ಒಂದೊಂದಾಗಿ ಫ್ರೀಜರಿನಲ್ಲಿಟ್ಟು ತೆಗೆಯುತ್ತಿದ್ದಳು.

"ಬಂದ್ಯಾ? ಒಳ್ಳೇದಾಯ್ತು. ನಾಶ ಮಾಡಿದ್ದಕ್ಕೆ ಸಾಕ್ಷಿಯಾಗಿ ಒಬ್ಬ ಅಧಿಕಾರಿ ಸಹಿ ಬೇಕಂತೆ. ಸಂಬಂಧಿಕರು ಹಾಕ್ಬಾರ್ದು ಅಂತ ಎಲ್ಲೂ ಬರೆದಿಲ್ಲ. ನೋಡ್ದೆ."

ತಂಗಿ ಸಹಿ ಹಾಕಿದಳು.

"ಆ ಪಟ್ಟಿ ಮಾಡಿದ್ದು ಯಾರೇ?"

"ನಾನೇ ಕಣಕ್ಕಾ."

"ಒಬ್ರು ಆಳಿಗೆ ಕೊಡ್ತಾರೆ, ಒಬ್ರು ಕೋಣೆಗೆ ಕೊಡ್ತಾರೆ ಅಂತ ಒಂದು ಮಾತು ಬರೆಯೋಕಾಗ್ಲಿಲ್ವಾ?"

"ಯಾರಾದ್ರೂ ಏನಾದ್ರೂ ಅಂದಾರು ಅಂತ..."

"ಯಾರು ಏನಂದ್ರು ಈಗ? ಎಲ್ಲಾರೂ ಹೊಗಳ್ತಿದಾರಂತಲ್ಲ." ಅಕ್ಕನ ದನಿ ಏರಲಿಲ್ಲ.

ಪಂಜರದ ತಳದಲ್ಲಿ ಸತ್ತ ಸೊಳ್ಳೆಗಳು ಕರಿ ನೂಲಿನ ಚೂರುಗಳ ಹಾಗೆ ಬಿದ್ದಿದ್ದವು. ಅಕ್ಕ ಅವನ್ನು ಕುಂಚದಿಂದ ಗುಡಿಸಿ, ಕಾಗದದಲ್ಲಿ ಮಡಿಚಿ, ಮೇಲೆ ದಿನಾಂಕ ಬರೆದಿಟ್ಟಳು. ಆಮೇಲೆ ಮರಿಗಳಿದ್ದ ಬಿಳಿ ತಟ್ಟೆಗಳ ನೀರನ್ನು ಕುದಿಸಿ ಚೆಲ್ಲಿ, ತಟ್ಟೆಗಳನ್ನು ತೊಳೆಯತೊಡಗಿದಳು. ತಂಗಿ ಸೆರಗು ಸಿಕ್ಕಿಸಿಕೊಂಡು ಪಕ್ಕದಲ್ಲಿ ನಿಂತಳು. ತೊಳೆದದ್ದನ್ನು ಇಸಿದುಕೊಂಡು ಹಿತ್ತಲಿನ ಕಟ್ಟೆಯ ಮೇಲೆ ಬಿಸಿಲಿಗೆ ಸಾಲಾಗಿ ಇಡುತ್ತ ಹೋದಳು.

"ಕವುಚಿ ಹಾಕೇ," ಅಕ್ಕ ಒಳಗಿನಿಂದಲೇ ಕೂಗಿದಳು. "ನೀರು ನಿಂತ್ರೆ ಸೊಳ್ಳೆ ಆಗ್ತವೆ."

ತಂಗಿ ಹಿಂದಿರುಗಿ ಮೊದಲನೇ ತಟ್ಟೆಯಿಂದ ಒಂದೊಂದನ್ನೇ ಕವುಚತೊಡಗಿದಳು.