ಹಾಡಿನ ಹಿಂದಿನ ಸಪ್ಪಳ

"ಕಾಕಾ, ಇನ್ನೊಮ್ಮಿ ಎಕ್ಸಲೇಟರ್ ಒತ್ತರಿ."

ನೇಮಣ್ಣ ಒತ್ತಿದ. ಕಾರಿನ ಸ್ಪೀಕರಿನಲ್ಲಿ ಹಾಡಿನ ಜೊತೆಗೇ ಕುಂಯ್ ಎಂಬ ಕೂಗೊಂದು ಏರಿತು. ಕಾಲು ತೆಗೆದರೆ ಇಳಿಯಿತು, ಒತ್ತಿದರೆ ಮತ್ತೆ ಏರಿತು. ಹಾಡುತ್ತಿದ್ದವಳು ಅವನ ಅವ್ವ. ಅವಳು ತೀರಿಹೋಗಿ ಹನ್ನೆರಡು ವರ್ಷವಾಗಿತ್ತು. ಬದುಕಿದ್ದಾಗ ಅವಳು ಮಾತಾಡುವಾಗ ನಡುವೆ ಬಾಯಿ ಹಾಕುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಈಗ ಸೊಳ್ಳೆಯಂಥ ಒಂದು ಸದ್ದು ಅವಳ ಹಾಡಿನೊಳಗೇ ನುಗ್ಗುತ್ತಿರುವುದನ್ನು ಕೇಳಿ ಅರವತ್ತೆಂಟರ ನೇಮಣ್ಣನಿಗೆ ಸಿಟ್ಟು ನೆತ್ತಿಗೇರಿತು.

"ನಾಳಿ ಮುಂಜಾನಿ ಏಳಕ್ಕ ನಾ ಕಣಗಲಾಕ್ಕ ಹೊಂಡಬೇಕು, ಲಗಮಪ್ಪ. ಅಷ್ಟರೊಳಗ ಇದರ ಬಾಯಿ ಮುಚ್ಚಸು."

"ಮುಚ್ಚಸ್ತೇನ್ರಿ. ಮೊದಲ ಅದು ಎಲ್ಲಿಂದ ಒದರಾಕತ್ತೈತಿ ಅನ್ನೂದು ಸಿಗಲಿ."

ಲಗಮಪ್ಪನ ಅಂಗಡಿ ಮೂಡಲಗಿಯ ಕಲ್ಲೋಳಿ ರಸ್ತೆಯಲ್ಲಿತ್ತು. ಬ್ಯಾಟರಿ, ಲೈಟು, ಹಾರ್ನು ಎಲ್ಲ ಮಾಡುತ್ತಿದ್ದನಾದರೂ ಅವನ ಹೆಸರು ಓಡುತ್ತಿದ್ದದ್ದು ಕಬ್ಬಿನ ಟ್ರ್ಯಾಕ್ಟರುಗಳಿಗೆ ಸೌಂಡ್ ಬಾಕ್ಸ್ ಕೂಡಿಸುವುದರಲ್ಲಿ. ಅವನು ಕೂಡಿಸಿದ ಸೌಂಡು ಟ್ರ್ಯಾಕ್ಟರಿಗಿಂತ ಎರಡು ಹೊಲ ಮುಂದೆ ಬರುತ್ತಿತ್ತು. ಸದ್ದು ಹೆಚ್ಚು ಮಾಡು ಎಂದು ಬರುವ ಗಿರಾಕಿಗಳ ನಡುವೆ ಸದ್ದು ತೆಗೆ ಎಂದು ಬಂದವನು ನೇಮಣ್ಣ ಒಬ್ಬನೇ. ಅದೇ ಹಟಕ್ಕೆ ಬಿದ್ದು ಲಗಮಪ್ಪ ಮುಂಜಾನೆಯಿಂದ ಬೇರೆ ಕೆಲಸ ಮುಟ್ಟಿರಲಿಲ್ಲ. ಪ್ಲಗ್ಗಿನ ವೈರು ಬದಲಿಸಿದ್ದ, ಡೈನಮಾಕ್ಕೆ ಕಂಡೆನ್ಸರ್ ಕಟ್ಟಿದ್ದ, ಕಾರಿನ ಟೇಪಿನ ಅರ್ಥ್ ವೈರನ್ನು ಹೊಸದಾಗಿ ಬಿಗಿದಿದ್ದ. ಕುಂಯ್ ಎನ್ನುವುದು ಜಪ್ಪಯ್ಯ ಅಂದರೂ ಜಗ್ಗಿರಲಿಲ್ಲ.

"ಆ ಪ್ಲೇಯರಿನ ಚಾರ್ಜರ್ ಕೀಳ್ರಿ, ನೋಡೂಣು."

ನೇಮಣ್ಣ ಸಿಗರೇಟು ಹಚ್ಚುವ ತೂತಿನಿಂದ ಚಾರ್ಜರ್ ಕಿತ್ತ. ಕೂಗು ಪಟ್ಟನೆ ನಿಂತಿತು. ಅವ್ವನ ದನಿ ಬಾಜೂದಲ್ಲೇ ಕೂತು ಹಾಡಿದಷ್ಟು ಸ್ಪಷ್ಟವಾಯಿತು. ಆದರೆ ಒಂದು ನುಡಿ ಮುಗಿಯುವಷ್ಟರಲ್ಲಿ ಪ್ಲೇಯರೇ ಕಣ್ಣು ಮುಚ್ಚಿತು.

ಕಷ್ಟವಿದ್ದದ್ದು ಅಲ್ಲೇ. ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಆ ಪ್ಲೇಯರು ಗೋಕಾಕದಲ್ಲಿ ಮಾಸ್ತರಿಕೆ ಮಾಡುವ ಮಗ ನಿತಿನನದು. ಅವನು ಚಿಕ್ಕವನಿದ್ದಾಗ ಅಜ್ಜಿಯ ಹಾಡನ್ನು ಒಂದು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದ. ಕ್ಯಾಸೆಟ್ಟು ಹಳತಾಗಿ, ಪ್ಲೇಯರಿಗೆ ಇಳಿಸಿದ ಮರುದಿನವೇ ತುಂಡಾಯಿತು. ಪ್ಲೇಯರಿನ ಬ್ಯಾಟರಿಗೂ ಜೀವ ಉಳಿದಿರಲಿಲ್ಲ. ಚಾರ್ಜರ್ ಹಚ್ಚಿದರಷ್ಟೇ ಹಾಡುತ್ತಿತ್ತು. ಹೊಸ ಬ್ಯಾಟರಿಗೆ ಬೆಳಗಾವಿಗೆ ಹೋಗಬೇಕು, ಅಕ್ಕನನ್ನು ತವರಿಗೆ ಕರೆತರುವ ನಾಗರ ಪಂಚಮಿ ನಾಡಿದ್ದು.

ಮನೆಯಲ್ಲೇ ಕೂತು ಕೇಳಿಸಬಹುದಿತ್ತಲ್ಲ ಎಂದರೆ, ಅಕ್ಕ ಮನೆಯೊಳಗೆ ಬಂದು ಕೂಡುವವಳೋ ಇಲ್ಲವೋ ಎಂಬುದೇ ನೇಮಣ್ಣನ ಚಿಂತೆ. ಅಕ್ಕ ಸಾವಂತ್ರೆವ್ವ ತವರುಮನೆಯಲ್ಲಿ ಉಂಡು ಹನ್ನೊಂದು ವರ್ಷವಾಗಿತ್ತು. ಅವ್ವ ತೀರಿದ ಮರುವರ್ಷ ಪಂಚಮಿಗೆ ಬಂದವಳು ಕೈಕಾಲು ತೊಳೆಯಲು ಬಚ್ಚಲಿಗೆ ಹೋದಾಗ, ಅವ್ವನ ಬೀಸುಕಲ್ಲು ಕಾಲಡಿಯಲ್ಲಿತ್ತು. ಬಚ್ಚಲು ಕಟ್ಟಿಸುವಾಗ ನೇಮಣ್ಣ ಅದನ್ನು ಸಿಮೆಂಟಿನಲ್ಲಿ ಕೂಡಿಸಿಬಿಟ್ಟಿದ್ದ. ಊರಿಗೆ ಗಿರಣಿ ಬಂದು ಎಷ್ಟೋ ಕಾಲವಾಗಿತ್ತು, ಕಲ್ಲು ಮೂಲೆಯಲ್ಲಿ ಬಿದ್ದಿತ್ತು, ಅಂಗಾಲು ತಿಕ್ಕಲು ಚೆನ್ನಾಗಿತ್ತು. "ಆ ಕಲ್ಲ ನನಗ ಕೊಡು ಅಂತ ಕೇಳಿದ್ನೆಲ್ಲೋ ನೇಮಾ" ಎಂದಳು ಅಕ್ಕ. "ಕಲ್ಲಿನ್ಯಾಗ ಏನೈತಿ ಅಕ್ಕಾ, ಬೇಕಾದ್ರ ಹೊಸಾದು ಕೊಡಸ್ತೇನಿ" ಎಂದ ಇವನು. ಅಕ್ಕ ಬಡಿಸಿದ ತಾಟನ್ನು ಸರಿಸಿ ಎದ್ದು ಬಸ್ಸು ಹತ್ತಿದಳು. ಆಮೇಲೆ ಪ್ರತಿ ಪಂಚಮಿಗೂ ಇವನು ಕರೆಯಲು ಹೋಗುವುದು, ಅವಳು ಚಹಾ ಕೊಟ್ಟು ಕಳಿಸುವುದು, ಇವನು ಹೆಂಡತಿ ಕಟ್ಟಿಕೊಟ್ಟ ಹಬ್ಬದ ಉಂಡಿಗಳನ್ನು ಅಲ್ಲೇ ಇಟ್ಟು ಖಾಲಿ ಕಾರಿನಲ್ಲಿ ಬರುವುದು ಒಂದು ಪದ್ಧತಿಯೇ ಆಗಿತ್ತು.

ಈ ವರ್ಷ ಹೆಂಡತಿ ತಾರಾಬಾಯಿ ಫೋನಿನಲ್ಲಿ ಏನು ಹೇಳಿ ಒಪ್ಪಿಸಿದಳೋ, ಅಕ್ಕ ಬರುತ್ತೇನೆ ಎಂದಿದ್ದಳು. ಉಣ್ಣುವ ಮಾತು ಮಾತ್ರ ಆಡಿರಲಿಲ್ಲ. ತಪ್ಪಾಯಿತು ಎಂಬ ಎರಡು ಶಬ್ದ ನೇಮಣ್ಣನ ಬಾಯಿಂದ ಹೊರಡುವಂಥವಲ್ಲ, ಅದು ಅವನಿಗೂ ಗೊತ್ತಿತ್ತು. ಆದ್ದರಿಂದಲೇ ಅಕ್ಕನ ಊರು ಕಣಗಲಾದಿಂದ ತನ್ನೂರು ಕಲ್ಲೋಳಿಯ ತನಕ ಎರಡು ತಾಸು, ಇಬ್ಬರೇ ಇರುವಾಗ, ಅವ್ವನನ್ನೇ ಮಾತಾಡಲು ಬಿಡುವುದೆಂದು ಲೆಕ್ಕ ಹಾಕಿದ್ದ.

"ಸಿಕ್ತ ನೋಡ್ರಿ ಕಾಕಾ," ಲಗಮಪ್ಪ ಕಾರಿನೊಳಗಿಂದ ತಲೆ ಹೊರಗೆ ಹಾಕಿದ. "ಪ್ಲೇಯರಿಗೆ ಗಾಡಿಯ ಅರ್ಥ್ ಎರಡ ದಾರೀಲೆ ಬರಾಕತ್ತೈತಿ. ಒಂದ ಚಾರ್ಜರಿಂದ, ಒಂದ ಹಾಡಿನ ವೈರಿಂದ. ಡೈನಮಾದ ಕಿರಿಕಿರಿ ಆ ಎರಡರ ನಡಕ ಸುತ್ತ ಹೊಡದು ಸ್ಪೀಕರಿಗೆ ಬರತೈತಿ. ಒಂದ ದಾರಿ ಕಡದ್ರ ಆತು."

"ಹಾಡಿನ ವೈರ್ ಕಡದ್ರ ಹಾಡು ಹೆಂಗ ಬರತೈತೋ?"

ಲಗಮಪ್ಪ ಅಂಗಡಿಯ ಒಳಗೆ ಹೋಗಿ, ಕೆಟ್ಟ ರೇಡಿಯೊಗಳ ಡಬ್ಬಿಯನ್ನು ನೆಲದ ಮೇಲೆ ಸುರುವಿದ. ಹುಡುಕಿ ಹುಡುಕಿ ಕಡಲೆಕಾಳಿನ ಉಂಡಿಯಷ್ಟು ದೊಡ್ಡ ಎರಡು ಟ್ರಾನ್ಸ್‌ಫಾರ್ಮರು ಆರಿಸಿದ. ಹಾಡಿನ ವೈರನ್ನು ನಡುವೆ ಕತ್ತರಿಸಿ ಅವನ್ನು ಬೆಸೆಯುತ್ತ ಹೇಳಿದ:

"ಇದರಾಗ ತಾಮ್ರದ ಸುರುಳಿ ಎರಡೆರಡ ಅದಾವ್ರಿ. ಒಂದಕ್ಕೊಂದ ಮುಟ್ಟಂಗಿಲ್ಲ. ಖರೆ, ಹಾಡು ದಾಟತೈತಿ."

ಎಂಜಿನ್ ಚಾಲೂ ಮಾಡಿ, ಚಾರ್ಜರ್ ಹಚ್ಚಿ, ನೇಮಣ್ಣ ಭಯದಿಂದಲೇ ಎಕ್ಸಲೇಟರ್ ಒತ್ತಿದ. ಎಂಜಿನ್ ಮೊರೆಯಿತು, ಸೊಳ್ಳೆ ಬರಲಿಲ್ಲ. ಅವ್ವ ಹಾಡಿದಳು. ತವರಿನ ದಾರಿ ಕಾಯುವ ಹೆಣ್ಣುಮಗಳೊಬ್ಬಳ ಹಾಡು ಅದು. ನೇಮಣ್ಣ ಸ್ಪೀಕರಿನ ಹತ್ತಿರ ಕಿವಿ ತಂದ.

"ಇನ್ನೂ ಏನೋ ಐತಲ್ಲೋ. ಹಿಂದ ಗರ್ ಗರ್ ಅಂತೈತಿ."

ಲಗಮಪ್ಪ ಎಂಜಿನ್ ಆರಿಸಿ ಕಿವಿಗೊಟ್ಟ. ಹೌದು, ಹಾಡಿನ ಬುಡದಲ್ಲಿ ದಪ್ಪನೆಯ ಸಪ್ಪಳವೊಂದು ಏಳುತ್ತ ಬೀಳುತ್ತ ಸುತ್ತುತ್ತಿತ್ತು. "ಇದು ಗಾಡೀದಲ್ಲ ಬಿಡ್ರಿ. ಒಳಗ ತುಂಬಿದಾಗ್ಲೇ ಬಂದೈತಿ."

"ಯಾವಾಗರೆ ಬಂದಿರ್ಲಿ, ತಗಿ. ಅಕ್ಕನ ಕಿವಿಗೆ ಬರೇ ಅವ್ವನ ಧ್ವನಿ ಬೀಳಬೇಕು."

ಸೌಂಡಿನ ಬೇಸ್ ಏರಿಸುವುದರಲ್ಲೇ ಬದುಕು ಸವೆಸಿದ ಲಗಮಪ್ಪ ಮನಸ್ಸಿಲ್ಲದ ಮನಸ್ಸಿನಿಂದ ಟೇಪಿನ ಬೇಸ್ ಗುಂಡಿಯನ್ನು ಇಳಿಸತೊಡಗಿದ. ಗರ್ ಗರ್ ಸಣ್ಣಗಾಗುತ್ತ ಬಂದು ನಿಂತೇಹೋಯಿತು. "ಈಗ ಬರೊಬ್ಬರಿ ಆತು" ಎಂದ ನೇಮಣ್ಣ.

"ಯಾಕಪಾ, ಬೀಸೂದು ಬಿಟ್ಟಳಲ್ಲ?"

ಬಾಗಿಲಲ್ಲಿ ಲಗಮಪ್ಪನ ತಾಯಿ ಉದ್ದವ್ವ ಮಗನ ಊಟದ ಗಂಟು ಹಿಡಿದು ನಿಂತಿದ್ದಳು. ಅವಳು ಬಂದದ್ದನ್ನು ಇಬ್ಬರೂ ನೋಡಿರಲಿಲ್ಲ.

"ಯಾರ ಬೇ?"

"ಆ ಹಾಡಾಕತ್ತಾಕಿ. ಇಷ್ಟೊತ್ತನ ಬೀಸಿಗೋಂತ ಹಾಡಾಕತ್ತಿದ್ದಳು. ಈಗ ಬರೇ ಹಾಡಾಕತ್ತಾಳು." ಉದ್ದವ್ವ ಗಂಟು ಕೆಳಗಿಟ್ಟಳು. "ಬೀಸೂದನ್ನ ತಗದ್ರ ಆ ಹಾಡಿಗೆ ಉಸರ ಎಲ್ಲಿಂದ ಬರಬೇಕು? ತಿರಗಿಸೋ ಮಗನ, ಮೊದಲಿನಂಗ ಮಾಡು."

ಲಗಮಪ್ಪ ನೇಮಣ್ಣನ ಮುಖ ನೋಡಿ ಗುಂಡಿಯನ್ನು ಮತ್ತೆ ತಿರುಗಿಸಿದ. ಸಪ್ಪಳ ಮರಳಿ ಬಂತು. ಈಗ ನೇಮಣ್ಣನಿಗೆ ಅದು ಕೇಳಿಸಿತು. ಹಾಡು ಉಸಿರೆಳೆದಾಗ ಕಲ್ಲು ಹಗುರಾಗುತ್ತಿತ್ತು, ಒತ್ತಿ ಹೇಳಿದಾಗ ಕಲ್ಲೂ ಒತ್ತುತ್ತಿತ್ತು. ಹುಡುಗನಾಗಿದ್ದಾಗ ಈ ಸದ್ದಿನ ಬಾಜೂದಲ್ಲೇ ಮಲಗಿ ಬೆಳೆದವನು, ಗಂಡಸಾಗಿ ಒಂದು ದಿನವೂ ಆ ಕಲ್ಲಿನ ಮುಂದೆ ಕೂತವನಲ್ಲ, ಈಗ ಅದನ್ನೇ ಗುರುತು ಹಿಡಿಯದೆ ಕೆಟ್ಟ ಸದ್ದೆಂದು ತೆಗೆಸಹೊರಟಿದ್ದ. ಅವನಿಗೆ ತುಂಬಾ ನಾಚಿಕೆಯಾಯಿತು.

"ಇರಲಿ ಬಿಡು ಲಗಮಪ್ಪ," ಎಂದ. "ಅದನ್ನ ಮುಟ್ಟಬ್ಯಾಡ."

ಕಲ್ಲೋಳಿಯ ಮನೆ ಮುಟ್ಟಿದವನು ಚಪ್ಪಲಿ ಬಿಡುವ ಮೊದಲೇ ಹಾರೆ ಹುಡುಕಿದ. ಬಚ್ಚಲಿನಿಂದ ದಬ್ ದಬ್ ಎನ್ನುವುದನ್ನು ಕೇಳಿ ತಾರಾಬಾಯಿ ಉಂಡಿ ಕಟ್ಟುವ ಕೈಯಲ್ಲೇ ಓಡಿ ಬಂದಳು. ಧೋತರ ಮೇಲೆ ಕಟ್ಟಿ, ಬೆವರು ಸುರಿಸುತ್ತ, ಗಂಡ ಸಿಮೆಂಟು ಒಡೆಯುತ್ತಿದ್ದ.

"ಏನ್ರಿ ಇದು? ಹಬ್ಬದ ಮುಂದ ಬಚ್ಚಲ ಕಿತ್ತರ ನಾಳಿ ಜಳಕ ಎಲ್ಲಿ ಮಾಡ್ತೀರಿ?"

"ಬಾಂವ್ಯಾಗ."

ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ ಜೈನರ ಮನೆ ಅದು. ಆ ದಿನ ಮಾತ್ರ ನೇಮಣ್ಣ ಉಣ್ಣುವುದನ್ನೇ ಬಿಟ್ಟು ಕಲ್ಲು ಎಬ್ಬಿಸಿದ. ಅದರ ಜೋಡಿಯಾದ ಮೇಲಿನ ಕಲ್ಲು ಕೊಟ್ಟಿಗೆಯಲ್ಲಿ ಹೊಟ್ಟಿನ ಪೀಪಾಯಿಯ ಮೇಲೆ ಸಿಕ್ಕಿತು. ಎರಡನ್ನೂ ಗಂಡಹೆಂಡತಿ ಕೂಡಿ ತೊಳೆದು ಪಡಸಾಲೆಯಲ್ಲಿ ಜೋಡಿಸಿದರು. ತಾರಾಬಾಯಿ ಅದಕ್ಕೆ ಅರಿಷಿಣ ಕುಂಕುಮ ಹಚ್ಚಿ, ಗಂಡನ ಬೊಬ್ಬೆ ಎದ್ದ ಅಂಗೈಗೂ ಒಂದಿಷ್ಟು ಅರಿಷಿಣ ಸವರಿದಳು.

ಮರುದಿನ ಕಣಗಲಾದಲ್ಲಿ ಸಾವಂತ್ರೆವ್ವ ತಯಾರಾಗಿಯೇ ಕೂತಿದ್ದಳು. ಎಪ್ಪತ್ತನಾಲ್ಕರ ಮೈ, ಇಳಕಲ್ ಸೀರೆ. ಮಡಿಲಲ್ಲಿ ಒಂದು ಬುತ್ತಿಯ ಗಂಟು. ನೇಮಣ್ಣ ಗಂಟನ್ನು ನೋಡಿದ, ಅವಳು ಅವನು ನೋಡಿದ್ದನ್ನು ನೋಡಿದಳು.

"ನನ್ನ ರೊಟ್ಟಿ ನಾ ತಂದೇನಿ," ಎಂದಳು. "ನಿನ್ನ ಮನಿಗೆ ಬರತೇನಿ ಅಂದೇನಿ. ಉಣತೇನಿ ಅಂದಿಲ್ಲ."

ಅವನು ಮುಂದಿನ ಸೀಟಿನ ಬಾಗಿಲು ತೆರೆದ. ಹೆದ್ದಾರಿ ಕಳೆದು ಹುಕ್ಕೇರಿ ದಾಟುವ ತನಕ ಮಳೆ, ಮೊಮ್ಮಕ್ಕಳು, ಮೊಣಕಾಲಿನ ನೋವು ಇಷ್ಟೇ ಮಾತಾಯಿತು. ಗಂಟು ಮಡಿಲಿನಿಂದ ಕದಲಲಿಲ್ಲ. ಘಟಪ್ರಭಾದ ಹತ್ತಿರ ರೈಲ್ವೆ ಗೇಟು ಬಿದ್ದಿತ್ತು. ನೇಮಣ್ಣ ಗೇಟಿಗೆ ಹತ್ತಿ ಕಾರು ನಿಲ್ಲಿಸಿದ, ಹಿಂದೆ ಲಾರಿಯೊಂದು ಬಂದು ನಿಂತಿತು. ಅವನು ಎಂಜಿನ್ ಚಾಲೂ ಇದ್ದಂತೆಯೇ ಪ್ಲೇಯರಿನ ಗುಂಡಿ ಒತ್ತಿದ.

ಮೊದಲು ಕಲ್ಲು ಬಂತು. ಹಾಡು ಇನ್ನೂ ಶುರುವಾಗಿರಲಿಲ್ಲ. ಸಾವಂತ್ರೆವ್ವ ಹೊರಗೆ ನೋಡುತ್ತಿದ್ದವಳು ಕತ್ತು ತಿರುಗಿಸಿದಳು.

"ಜ್ವಾಳ ಬೀಸಾಕತ್ತಾಳು," ಎಂದಳು ಸ್ವಲ್ಪ ಹೊತ್ತು ಕೇಳಿ. ಆಮೇಲೆ ಅವ್ವನ ದನಿ ಏರಿತು. ಅಕ್ಕನ ಕಣ್ಣಲ್ಲಿ ನೀರು ಬಂದದ್ದನ್ನು ನೇಮಣ್ಣ ನೋಡಲಿಲ್ಲ, ನೋಡುವ ಧೈರ್ಯ ಅವನಿಗಿರಲಿಲ್ಲ. ಎದುರಿಗಿನ ಗೇಟಿನ ಕೆಂಪು ಪಟ್ಟಿಗಳನ್ನು ಎಣಿಸಿದ.

"ಕಲ್ಲು ಹಗುರ ತಿರಗಾಕತ್ತೈತಿ, ಕೇಳು. ಕಾಳ ತೀರಾಕ ಬಂತು," ಎಂದಳು ಅಕ್ಕ. ಒಂದು ಸುತ್ತು, ಎರಡು ಸುತ್ತು. ಸದ್ದು ಮತ್ತೆ ದಪ್ಪಗಾಯಿತು. "ಹಾಂ, ಈಗ ಹಾಕಿದಳು. ಅವ್ವನ ಕೈ ಹಂಗ. ಬೊಗಸಿ ಅಲ್ಲ, ಬರೇ ಹಿಡಿ." ಆಮೇಲೆ ಕೇಳಿದಳು, "ನೇಮಾ, ಆ ಕಲ್ಲು ಇನ್ನೂ ಬಚ್ಚಲದಾಗ ಐತೇನು?"

"ಇಲ್ಲಕ್ಕಾ. ನಿನ್ನೆ ಕಿತ್ತೇನಿ. ಪಡಸಾಲ್ಯಾಗ ಐತಿ."

"ಯಾರ ಹೇಳಿದ್ರು ಕೀಳಾಕ?"

"ಮೂಡಲಗಿ ಉದ್ದವ್ವ ಅಂತ ಒಬ್ಬಾಕಿ. ನಿನಗ ಗೊತ್ತಿಲ್ಲ."

"ಹನ್ನೊಂದ ವರ್ಷ ನಾ ನಿನ್ನ ಮನಿ ಊಟ ಬಿಟ್ಟರ ತಿಳೀಲಿಲ್ಲ ನಿನಗ. ಯಾವಾಕಿನೋ ಹೇಳಿದ್ರ ತಿಳೀತು." ದನಿಯಲ್ಲಿ ಸಿಟ್ಟು ಹುಡುಕಿದರೂ ಸಿಗುತ್ತಿರಲಿಲ್ಲ. ಅವಳ ಕಣ್ಣು ಸ್ಟಿಯರಿಂಗಿನ ಮೇಲೆ ತೆರೆದಿಟ್ಟ ಅವನ ಅಂಗೈಗೆ ಹೋಯಿತು. ಬೊಬ್ಬೆಗಳನ್ನೂ ಅವುಗಳ ಮೇಲಿನ ಅರಿಷಿಣವನ್ನೂ ನೋಡಿದಳು.

ರೈಲು ಹೋಯಿತು. ಸಾವಂತ್ರೆವ್ವ ಮಡಿಲಿನ ರೊಟ್ಟಿಯ ಗಂಟನ್ನು ಎತ್ತಿ ಹಿಂದಿನ ಸೀಟಿಗೆ ಹಾಕಿದಳು. ಖಾಲಿಯಾದ ಬಲಗೈ ಇಬ್ಬರ ನಡುವಿನ ಗೇರಿನ ಗುಂಡಿನ ಮೇಲೆ, ಬೀಸುಕಲ್ಲಿನ ಗೂಟ ಹಿಡಿದಂತೆ, ಬಂದು ಕೂತಿತು. ಕಲ್ಲಿನ ಸದ್ದಿಗೆ ಸರಿಯಾಗಿ ಅದರ ಮೇಲೆ ಮೆಲ್ಲಗೆ ಸುತ್ತತೊಡಗಿತು.

ಗೇಟು ಎದ್ದಿತು. ಹಿಂದಿನ ಲಾರಿಯವನು ಹಾರ್ನ್ ಹೊಡೆದ. ನೇಮಣ್ಣ ಗೇರಿಗೆ ಚಾಚಿದ್ದ ಕೈಯನ್ನು ಹಿಂದೆ ತೆಗೆದುಕೊಂಡ. ಇನ್ನೊಂದು ಕೈಯನ್ನು ಕಿಟಕಿಯಿಂದ ಹೊರಗೆ ಹಾಕಿ, ಬಾಜೂದಿಂದ ಹೋಗು ಎಂದು ಸನ್ನೆ ಮಾಡಿದ.