ಹೊರಗೆ ನಿಂತ್ಕಳಿ

"ಮುಟ್ಬೇಡ ರಂಡೆ, ದೂರ ನಿಲ್ಲು" ಎಂದು ಕಮಲಾಕರ ಒಡೇರು ಬೈದರು. ಬೈಯುತ್ತಲೇ, ಸ್ವಾಧೀನವಿದ್ದ ಒಂದೇ ಕೈಯಿಂದ ದುರ್ಗಿಯ ತೋಳನ್ನು ಉಗುರು ನಾಟುವಂತೆ ಹಿಡಿದುಕೊಂಡರು. ಬಿಟ್ಟರೆ ಮಂಚದಿಂದ ಉರುಳಿಬೀಳುವ ಭಯ.

"ದೂರ ನಿಂತ್ರೆ ನಿಮ್ಮ ಕುಂಡೆ ಯಾರು ತೊಳೀತಾರೆ ಒಡೇರೆ? ತಿರುಗಿ, ಹಗೂರ" ಎಂದಳು ದುರ್ಗಿ.

ಲಕ್ವ ಹೊಡೆದ ಕಾಲನ್ನು ಮಡಿಸಿ, ಒಂದು ಕೈ ಭುಜಕ್ಕೆ, ಒಂದು ಕೈ ಸೊಂಟಕ್ಕೆ ಕೊಟ್ಟು ಅವರನ್ನು ಮಗ್ಗುಲಿಗೆ ತಿರುಗಿಸಿದಳು. ಬೆನ್ನಿಗೆ ದಿಂಬು ಕೊಟ್ಟಳು. ಅದಕ್ಕೂ ಮೊದಲೇ ಬಾಗಿಲು ಮುಚ್ಚಿ ಕಿಟಕಿಯ ಪರದೆ ಎಳೆದಿದ್ದಳು. ಭಟ್ಕಳದ ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದಾಗ ಉಮಾ ಸಿಸ್ಟರು ಕಲಿಸಿದ ಮೊದಲ ಪಾಠವೇ ಅದು. ಮೈ ಬಿಚ್ಚುವ ಮೊದಲು ಪರದೆ. ಬಂದರಿನ ಹಮಾಲಿಯಾಗಲಿ, ದುಬೈಯ ಸಾಹುಕಾರನಾಗಲಿ, ಮೊದಲು ಪರದೆ. ತೊಳೆಯುವಾಗಲೂ ತೊಳೆಯುವಷ್ಟೇ ಜಾಗ ಬಿಚ್ಚಬೇಕು, ಉಳಿದ ಮೈ ಮುಚ್ಚಿರಬೇಕು. ದುರ್ಗಿ ಎಷ್ಟೋ ಮಾತು ಮರೆತಿದ್ದಳು, ಇದನ್ನು ಮರೆತಿರಲಿಲ್ಲ. ಮರೆಯದಿರುವುದಕ್ಕೆ ಅವಳದೇ ಕಾರಣವೂ ಇತ್ತು.

ಹೊಲಸು ಒರೆಸಿ, ಬಿಸಿನೀರಿನ ಬಟ್ಟೆಯಲ್ಲಿ ತೊಳೆದು, ಒಣಬಟ್ಟೆ ಒತ್ತಿ ಬೆನ್ನಿನ ಕೆಳಗಿನ ಜಾಗವನ್ನು ನೋಡಿದಳು. ಅವಳು ಹೊನ್ನಾವರದ ಈ ಮನೆಗೆ ಬಂದಾಗ ಅಲ್ಲಿ ಹಾಸಿಗೆ ಹುಣ್ಣು ಬಾಯಿ ತೆರೆದು ನಾರುತ್ತಿತ್ತು. ಒಳಗಿನ ಎಲುಬು ಕಾಣುತ್ತಿತ್ತು. ದಿನವೂ ತೊಳೆದು, ಔಷಧಿ ಹಚ್ಚಿ, ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ ಬದಲಿಸಿ ಈಗ ಅಲ್ಲಿ ಎಳೇ ಚರ್ಮ ಕೂಡಿಕೊಂಡಿತ್ತು. ಆ ಮನೆಯ ಮಾರ್ಬಲ್ಲು, ಮಾಡು, ಮಂಚ ಯಾವುದರಲ್ಲೂ ದುರ್ಗಿಗೆ ಪಾಲಿಲ್ಲ. ಆ ಅಂಗೈಯಗಲದ ಹೊಸ ಚರ್ಮ ಮಾತ್ರ ಅವಳದು. ಅದನ್ನು ಯಾರಾದರೂ ಕೆಡಿಸಿದರೆ ತಾನು ಸುಮ್ಮನಿರುವವಳಲ್ಲ ಎಂದು ಅವಳು ಎಷ್ಟೋ ಸಲ ಅಂದುಕೊಂಡಿದ್ದಳು.

ಕೆಡಿಸುವವರು ಮನೆಯೊಳಗೇ ಇದ್ದರು. ಕೆಲಸ ಮುಗಿದು ಬಾಗಿಲು ತೆರೆದ ಕೂಡಲೇ ಸೊಸೆ ಗಾಯತ್ರಮ್ಮ ತುಳಸಿ ಹಾಕಿದ ನೀರಿನ ಗಿಂಡಿ ಹಿಡಿದು ಬಂದು, ದುರ್ಗಿ ಮುಟ್ಟಿದ ಮಂಚಕ್ಕೆ, ದಿಂಬಿಗೆ, ಮಾವನ ಮೈಗೆ ಚಿಮುಕಿಸುತ್ತಿದ್ದಳು. ಶುದ್ಧಮಾಡಿದ ಹಾಸಿಗೆ ಒದ್ದೆಯಾಗುತ್ತಿತ್ತು. ಒದ್ದೆ ಹಾಸಿಗೆಯಲ್ಲಿ ಹುಣ್ಣು ಮಾಯುವುದಾದರೂ ಹೇಗೆ?

"ಅಮ್ಮಾ, ಹಾಸಿಗೆ ಹಸಿ ಆದ್ರೆ ಚರ್ಮ ಕೊಳೀತದೆ" ಎಂದು ದುರ್ಗಿ ಮೊದಮೊದಲು ಹೇಳಿ ನೋಡಿದ್ದಳು.

"ಮುಕ್ರಿ ಕೇರಿಯವ್ಳು ಮುಟ್ಟಿದ ಹಾಸಿಗೇಲಿ ಹಾಂಗೇ ಮನಗ್ಸೂಕಾತದ್ಯನೆ? ನಿನ್ನ ಕೆಲ್ಸ ನೀ ಮಾಡು, ನನ್ನ ಕೆಲ್ಸ ನಾ ಮಾಡ್ತೆ" ಎಂದಿದ್ದಳು ಗಾಯತ್ರಮ್ಮ.

ಅಲ್ಲಿಂದ ಇಬ್ಬರೂ ತಂತಮ್ಮ ಕೆಲಸ ಮಾಡುತ್ತಿದ್ದರು. ಒಬ್ಬಳು ಒದ್ದೆ ಮಾಡುವುದು, ಅವಳು ಅತ್ತ ಹೋದಮೇಲೆ ಇನ್ನೊಬ್ಬಳು ಹಾಸು ಬದಲಿಸುವುದು. ಹೇಲು ಬಳಿಯಲು ಆಗುವ ಕೈ ಕುಡಿಯುವ ನೀರಿಗೆ ಆಗುತ್ತಿರಲಿಲ್ಲ. ದುರ್ಗಿ ಒಡೇರನ್ನು ಎತ್ತಿ ಕೂರಿಸಿ ತನ್ನ ಎದೆಗೆ ಒರಗಿಸಿಕೊಳ್ಳಬೇಕು, ಗಾಯತ್ರಮ್ಮ ತೋಳುದ್ದ ದೂರದಲ್ಲಿ ನಿಂತು ಅವರ ಬಾಯಿಗೆ ಮೇಲಿನಿಂದ ನೀರು ಬಿಡಬೇಕು. ಅರ್ಧ ಬಾಯಿಗೆ, ಅರ್ಧ ಕೊರಳಿಗೆ. ಮುದುಕ ಕೆಮ್ಮಿ ಕೆಮ್ಮಿ ಕಣ್ಣು ಮೇಲೆ ಮಾಡುತ್ತಿದ್ದ.

ಆ ಮನೆಯಲ್ಲಿ ಯಾರಿಗೂ ತಿಳಿಯದ ಸಂಗತಿಯೊಂದಿತ್ತು. ಕಮಲಾಕರ ಒಡೇರಿಗೆ ಮಿರ್ಜಾನದ ಕೆಳಗೆ ಅಘನಾಶಿನಿಯ ದಡದಲ್ಲಿ ಭತ್ತ, ಸಿಗಡಿ ಎರಡೂ ಬೆಳೆಯುವ ಗಜನಿ ಗದ್ದೆಗಳಿದ್ದ ಕಾಲದಲ್ಲಿ, ಅಲ್ಲಿ ದುಡಿಯುತ್ತಿದ್ದವನು ದುರ್ಗಿಯ ಅಪ್ಪ ಶನಿಯಾರ. ಉಪ್ಪುನೀರು ತಡೆಯುವ ಕಟ್ಟೆಗೆ ಮಣ್ಣು ಹೊತ್ತು ಹೊತ್ತು ಅವನ ನೆತ್ತಿಯ ಕೂದಲು ಉದುರಿಹೋಗಿತ್ತು. ಒಂದು ಮಧ್ಯಾಹ್ನ, ಗಜನಿಯ ಸಿಗಡಿ ಕದ್ದು ಪಂಚೆಯಲ್ಲಿ ಕಟ್ಟಿಕೊಂಡಿದ್ದಾನೆಂದು ಯಾರೋ ಚಾಡಿ ಹೇಳಿದರು. ಒಡೇರು ಕೊಡೆ ಹಿಡಿದು ಕಟ್ಟೆಯ ಮೇಲೆ ನಿಂತು, "ಬಿಚ್ಚಾ ಬೋಳಿಮಗನೆ" ಎಂದರು. ನಾಟಿಯ ಹೆಂಗಸರೆಲ್ಲ ನೋಡುತ್ತಿದ್ದಂತೆ ಶನಿಯಾರ ಬಿಚ್ಚಿದ. ಸಿಗಡಿ ಇರಲಿಲ್ಲ. ಅಪ್ಪನಿಗೆ ಗಂಜಿ ತಂದಿದ್ದ ದುರ್ಗಿ ಗಂಜಿಯ ಪಾತ್ರೆಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು ನಿಂತಿದ್ದಳು. ಆಮೇಲೆ ಶನಿಯಾರ ಸಾಯುವವರೆಗೂ ಮಗಳ ಮುಖವನ್ನು ಸರಿಯಾಗಿ ನೋಡಲಿಲ್ಲ.

ಕುಮಟೆಯ ಹೋಂ ನರ್ಸ್ ಏಜೆನ್ಸಿಯವನು ಈ ಮನೆಗೆ ಕಳಿಸಿದಾಗ ಹಾಸಿಗೆಯಲ್ಲಿದ್ದವನು ಯಾರೆಂದು ಅವಳಿಗೆ ನೋಡಿದ ಕೂಡಲೇ ಗೊತ್ತಾಯಿತು. ತಿರುಗಿ ಹೋಗಬಹುದಿತ್ತು. ಹೋದರೆ ಒಲೆ ಉರಿಯಬೇಕಲ್ಲ. ಆಮೇಲಾಮೇಲೆ ಆ ಹುಣ್ಣು ಅವಳನ್ನು ಹಿಡಿದುಕೊಂಡಿತು. ಮುದುಕನ ಮೇಲೆ ಕರುಣೆ ಬಂದಿತೆಂದಲ್ಲ, ಒಂದು ಚೂರೂ ಬಂದಿರಲಿಲ್ಲ.

ಹೋಮದ ವಿಷಯ ಎತ್ತಿದವರು ಗುರುದತ್ತ ಭಟ್ಟರು. ಕೋಣೆಯ ಹೊಸ್ತಿಲ ಆಚೆ ನಿಂತು, ಮೂಗಿಗೆ ಶಲ್ಯ ಹಿಡಿದು, ಯಜಮಾನರ ಆಯುಷ್ಯಕ್ಕಾಗಿ ಹೋಮವಾಗಬೇಕು, ಯಜಮಾನರೇ ಮಣೆಯ ಮೇಲೆ ಕೂರಬೇಕು ಎಂದು ಮಗ ಶ್ರೀನಾಥನಿಗೆ ವಿವರಿಸಿದರು. ಆ ದಿನ ಬೆಳಗಿನಿಂದ ಅನ್ಯರ ಸ್ಪರ್ಶ ಕೂಡದು. ಪ್ಲಾಸ್ಟಿಕ್ಕಿನ ಡೈಪರು ಕೂಡದು. ಒದ್ದೆ ಮಡಿಪಂಚೆಯೇ ಆಗಬೇಕು.

"ಒಡೇರೆ, ಮಣೆ ಮೇಲೆ ಕೂರ್ಸಬ್ಯಾಡಿ" ಎಂದು ದುರ್ಗಿ ಶ್ರೀನಾಥನಿಗೆ ಹೇಳಿದಳು. "ಬೆನ್ನು ಈಗಷ್ಟೇ ಕೂಡ್ಕಂಡದೆ. ಗಟ್ಟಿ ಮಣೆ, ಹಸಿ ಪಂಚೆ, ಒಂದ್ ತಾಸು ಕೂತ್ರೆ ಸಾಕು, ಎಲ್ಲಾ ಒಡೀತದೆ."

ಭಟ್ಟರು ಅವಳತ್ತ ನೋಡಲಿಲ್ಲ. "ಇವಳ ಹತ್ರ ಕೇಳ್ಕಂಡು ಹೋಮ ಮಾಡೂದಾ ಶ್ರೀನಾಥಾ?" ಎಂದರು.

ಶ್ರೀನಾಥನ ಮುಖ ಕೆಂಪಾಯಿತು. "ಹೇಲು ಬಾಚೂಕೆ ಇಟ್ಕಂಡದ್ದು ನಿನ್ನ. ಶಾಸ್ತ್ರ ಹೇಳೂಕಲ್ಲ. ನಾಳೆ ಹಿಂದೆ ಪಂಪ್ ಶೆಡ್ಡಲ್ಲಿ ಕೂತಿರು. ನಿನ್ನ ಮನೆಗೆ ಹೋಗ್ಬೇಡ, ಎಂತಾದ್ರೂ ಬೇಕಾದ್ರೆ ಕರೀತೆ" ಎಂದ.

ಮರುದಿನ ದುರ್ಗಿ ಪಂಪ್ ಶೆಡ್ಡಿನ ನೆರಳಿನಲ್ಲಿ ಕೂತಳು. ಹೆದ್ದಾರಿಯಲ್ಲಿ ಲಾರಿಗಳು ಗುಡುಗುತ್ತಿದ್ದವು. ಭಟ್ಕಳದಿಂದ, ಗೇರುಸೊಪ್ಪದಿಂದ ನೆಂಟರ ಕಾರುಗಳು ಬಂದು ಅಂಗಳ ತುಂಬಿತು. ಅವಳಿಗೆ ಯಾರೋ ದೂರದಿಂದ ಚಹಾ ತಂದು ಕಲ್ಲಿನ ಮೇಲೆ ಇಟ್ಟುಹೋದರು. ಒಳಗೆ ಎಲ್ಲರಿಗೂ ಸ್ಟೀಲಿನ ಲೋಟ, ಅವಳಿಗೆ ಪೇಪರ್ ಕಪ್ಪು. ಶನಿಯಾರನಿಗೆ ತೆಂಗಿನ ಗೆರಟೆಯಲ್ಲಿ ಕೊಡುತ್ತಿದ್ದರು. ಕಾಲ ಬದಲಾಗಿದೆ, ಯಾರು ಇಲ್ಲವೆಂದರು?

ಮಂತ್ರ ಏರುತ್ತ ಹೋಯಿತು, ಬಿಸಿಲೂ ಏರಿತು. ಈಗ ಮಗ್ಗುಲು ಬದಲಿಸುವ ಹೊತ್ತು, ಈಗ ಮತ್ತೊಮ್ಮೆ ಬದಲಿಸುವ ಹೊತ್ತು ಎಂದು ಅವಳ ಕೈಗಳು ತಮ್ಮಷ್ಟಕ್ಕೆ ತವಕಿಸುತ್ತಿದ್ದವು. ಆ ಎಳೇ ಚರ್ಮ ಮರದ ಮಣೆಗೆ ಒತ್ತಿಕೊಂಡಿರುವುದು ಅವಳ ಕಣ್ಣಿಗೆ ಕಟ್ಟಿದಂತಿತ್ತು. ಚಹಾ ಚೆಲ್ಲಿಬಿಟ್ಟಳು.

ಇದ್ದಕ್ಕಿದ್ದಂತೆ ಮಂತ್ರ ನಿಂತಿತು. ಒಳಗೆ ಗುಜುಗುಜು ಎದ್ದಿತು. ಶ್ರೀನಾಥ ಹಿತ್ತಲಿಗೆ ಓಡಿಬಂದ.

"ಬಾರೇ ಬೇಗ. ಅಪ್ಪಯ್ಯ ಕೂತಲ್ಲೇ ಮಾಡ್ಕಂಡ್ರು. ಹಿಂದಿನ ಬಾಗ್ಲಲ್ಲಿ ಬಾ, ಸರಸರ ತೊಳ್ದು ಹೋಗು. ಪೂರ್ಣಾಹುತಿ ಆಗ್ಬೇಕು."

ದುರ್ಗಿ ಚೀಲ ಎತ್ತಿಕೊಂಡಳು. ಹಿಂದಿನ ಬಾಗಿಲಿಗೆ ಹೋಗಲಿಲ್ಲ. ಮನೆಯನ್ನು ಸುತ್ತಿ ಮುಂದಿನ ಅಂಗಳಕ್ಕೆ ಬಂದು, ನೆಂಟರ ಚಪ್ಪಲಿಗಳ ಪಕ್ಕ ತನ್ನ ಚಪ್ಪಲಿ ಬಿಟ್ಟು ಹೆಬ್ಬಾಗಿಲಿನಿಂದ ಒಳಗೆ ನಡೆದಳು.

ಚಾವಡಿಯ ನಡುವೆ ಹೋಮಕುಂಡ ಉರಿಯುತ್ತಿತ್ತು. ಕಮಲಾಕರ ಒಡೇರು ಮಣೆಯ ಮೇಲೆ ಒಂದು ಕಡೆಗೆ ವಾಲಿಕೊಂಡಿದ್ದರು. ಪಂಚೆ, ಮಣೆ, ನೆಲದ ರಂಗೋಲಿ ಎಲ್ಲ ಹೊಲಸಾಗಿತ್ತು. ಅದರ ಸುತ್ತ ರೇಷ್ಮೆಯುಟ್ಟ ಜನ ಮೂಗು ಮುಚ್ಚಿಕೊಂಡು ಗೋಡೆಗೆ ಅಂಟಿ ನಿಂತಿದ್ದರು. ಹೆತ್ತ ಮಗನಾಗಲಿ, ಸೊಸೆಯಾಗಲಿ ಒಂದು ಹೆಜ್ಜೆ ಹತ್ತಿರ ಹೋಗಿರಲಿಲ್ಲ. ಮುದುಕ ತಲೆ ಎತ್ತಲಾರದೆ ಒಳ್ಳೆಯ ಕೈಯಿಂದ ಪಂಚೆಯ ತುದಿಯನ್ನು ತೊಡೆಯ ಮೇಲೆ ಎಳೆದುಕೊಳ್ಳಲು ನೋಡುತ್ತಿದ್ದ.

"ಅಮ್ಮಾ, ಒಂದು ಬಕೆಟ್ ಬಿಸಿನೀರು" ಎಂದಳು ದುರ್ಗಿ.

"ನಾ ಮಡೀಲಿದ್ದೆ, ನಾ ಕೊಡೂಕಾಗ. ನೀ ಒಳಗೆ ಹೋಗೂದೂ ಬ್ಯಾಡ, ಬಚ್ಚಲಿಗೆ ಅಡಿಗೆಮನೆ ದಾಟ್ಬೇಕು, ನೈವೇದ್ಯ ಅದೆ" ಎಂದಳು ಗಾಯತ್ರಮ್ಮ.

"ಹಾಂಗಾರೆ ನೀರಿಲ್ದೆ ತೊಳಿಯೂದಾ?"

"ಬಟ್ಟೇಲಿ ಒರ್ಸೇ ಸಾಕು" ಎಂದ ಶ್ರೀನಾಥ. "ಇಲ್ಲೇ ಬಿಚ್ಚಿ ಬೇಗ ಒರ್ಸು. ಮುದುಕ್ರನ್ನ ಯಾರು ನೋಡ್ತಾರೆ?"

ದುರ್ಗಿಯ ಕೈ ಪಂಚೆಯ ಗಂಟಿನ ಮೇಲಿತ್ತು. ಒಂದು ಸಲ ಎಳೆದರೆ ಸಾಕಿತ್ತು. ನಾಟಿಯ ಹೆಂಗಸರ ಜಾಗದಲ್ಲಿ ಒಡೇರ ನೆಂಟರೆಲ್ಲ ನಿಂತಿದ್ದರು. ಬಿಚ್ಚು ಎಂದು ಅವರ ಮಗನೇ ಹೇಳುತ್ತಿದ್ದ. ಇದಕ್ಕಿಂತ ಒಳ್ಳೆಯ ದಿನ ಬೇಕೆಂದರೂ ಸಿಗದು. ಗಂಜಿಯ ಪಾತ್ರೆ ಅಡ್ಡ ಹಿಡಿದ ಆ ಮಧ್ಯಾಹ್ನ ಕಣ್ಣ ಮುಂದೆ ಬಂತು.

ಅವಳು ಗಂಟು ಬಿಟ್ಟು ಎದ್ದು ನಿಂತಳು.

"ಎಲ್ರೂ ಹೊರಗೆ ಹೋಗಿ."

"ಎಂತಂದೆ?" ಎಂದ ಶ್ರೀನಾಥ.

"ಮೈ ಬಿಚ್ಚೂವಾಗ ಹೊರಗಿನವ್ರು ಇರೂಕಾಗ. ಎಲ್ರೂ ಅಂಗಳಕ್ಕೆ ಹೋಗಿ."

"ಹೊರಗಿನವ್ರಾ? ನಾವಾ? ಯಾರ ಮನೇಲಿ ನಿಂತು ಮಾತಾಡ್ತೆ ಬೋಸುಡಿ?"

"ಆತು. ಹಾಂಗಾರೆ ನಾ ಹೋಗ್ತೆ. ನೀವೇ ತೊಳ್ಕಳಿ" ಎಂದು ದುರ್ಗಿ ಚೀಲ ಹೆಗಲಿಗೇರಿಸಿದಳು. ಎರಡು ಹೆಜ್ಜೆ ನಡೆದೂಬಿಟ್ಟಳು. ಶ್ರೀನಾಥ ಅಪ್ಪನನ್ನು ನೋಡಿದ, ಹೆಂಡತಿಯನ್ನು ನೋಡಿದ. ಹೆಂಡತಿ ನೆಲ ನೋಡಿದಳು. ನೆಂಟರೊಬ್ಬರು ಆಗಲೇ ಬಾಗಿಲಿನತ್ತ ಸರಿಯುತ್ತಿದ್ದರು. ಅವರ ಹಿಂದೆ ಇನ್ನೊಬ್ಬರು, ಆಮೇಲೆ ಹೆಂಗಸರು. ಕೊನೆಗೆ ಗಾಯತ್ರಮ್ಮ ಹೋದಳು, ಹಲ್ಲು ಕಚ್ಚಿಕೊಂಡು ಶ್ರೀನಾಥನೂ ಹೋದ.

ಭಟ್ಟರು ಕೂತೇ ಇದ್ದರು. "ಅಗ್ನಿ ಬಿಟ್ಟು ನಾ ಏಳೂಕಾಗೂದಿಲ್ಲ" ಎಂದರು.

"ಹಾಂಗಾರೆ ಕೈಗೆ ಗ್ಲೌಸ್ ಕೊಡ್ತೆ. ಕಾಲು ನೀವು ಹಿಡೀರಿ ಭಟ್ರೆ, ಕುಂಡೆ ನಾ ತೊಳೀತೆ."

ಭಟ್ಟರು ಶಲ್ಯ ಸರಿಪಡಿಸಿಕೊಂಡು ಎದ್ದುಹೋದರು. ದುರ್ಗಿ ಹೆಬ್ಬಾಗಿಲು ಮುಚ್ಚಿ ಒಳಗಿನಿಂದ ಚಿಲಕ ಹಾಕಿದಳು. ಅಡಿಗೆಮನೆಯ ಬಾಗಿಲನ್ನೂ ಹಾಕಿದಳು. ಕಿಟಕಿಗಳ ಪರದೆ ಎಳೆದಳು.

ನೆಂಟರಿಗೆ ಹಾಸಿದ್ದ ಜಮಖಾನವನ್ನು ಎಳೆದು, ಒಡೇರನ್ನು ಬಗಲಿಗೆ ಕೈಕೊಟ್ಟು ಮಣೆಯಿಂದ ಇಳಿಸಿ ಅದರ ಮೇಲೆ ಮಗ್ಗುಲಾಗಿ ಮಲಗಿಸಿದಳು. ಚೀಲದಿಂದ ಹಾಸು ತೆಗೆದು ಮೈಮೇಲೆ ಹೊದೆಸಿದಳು. ಹೊದಿಕೆಯ ಅಡಿಯಲ್ಲಿ ಕೈಹಾಕಿ ಪಂಚೆ ಬಿಚ್ಚಿ ಎಳೆದು ಮೂಲೆಗೆ ಎಸೆದಳು. ಬೆನ್ನಿನ ಕಡೆ ಮಾತ್ರ ಹೊದಿಕೆ ಸರಿಸಿ ನೋಡಿದಳು.

ಚರ್ಮ ಹರಿದುಹೋಗಿತ್ತು. ಅಂಗೈಯಗಲದ ಆ ಜಾಗವೆಲ್ಲ ಮತ್ತೆ ಕೆಂಪಗೆ ಬಾಯಿ ತೆರೆದಿತ್ತು. ಅದರೊಳಗೆ ಹೊಲಸು ಹೊಕ್ಕಿತ್ತು. ದುರ್ಗಿ ಅತ್ತಳು. ಮುದುಕನಿಗಾಗಿ ಅಲ್ಲ, ತನ್ನ ಕೆಲಸಕ್ಕಾಗಿ ಅತ್ತಳು. ನಾಳೆ ಇದು ಯಾರ ತಪ್ಪೆಂದು ಹೇಳುತ್ತಾರೆಂಬುದೂ ಅವಳಿಗೆ ಗೊತ್ತಿತ್ತು.

ಮೂಗೊರೆಸಿಕೊಂಡು ಸುತ್ತ ನೋಡಿದಳು. ಹೋಮಕುಂಡದ ಪಕ್ಕ ತಾಮ್ರದ ದೊಡ್ಡ ಕಲಶ ಇತ್ತು. ಮೇಲಿನ ತೆಂಗಿನಕಾಯಿ ತೆಗೆದು ಪಕ್ಕಕ್ಕಿಟ್ಟಳು. ಮಾವಿನೆಲೆ ತೆಗೆದಿಟ್ಟಳು. ಬೆರಳದ್ದಿ ನೋಡಿದಳು. ಬೆಂಕಿಯ ಕಾವಿಗೆ ಬೆಚ್ಚಗಾಗಿತ್ತು. ತೊಳೆಯಲು ಹದವಾದ ಬಿಸಿ.

ಬಟ್ಟೆ ಅದ್ದುವುದನ್ನು ಒಡೇರು ನೋಡಿದರು. "ಅದು ದೇವರ ನೀರು ರಂಡೆ" ಎಂದರು ತೊದಲುತ್ತ.

"ಮನೇಲಿ ಬೇರೆ ನೀರಿಲ್ಲ ಒಡೇರೆ."

ತೊಡೆಯಿಂದ ಶುರುಮಾಡಿ ಹಗೂರ ಒರೆಸುತ್ತ ಬಂದಳು. ಕಲಶದ ನೀರು ಹಳದಿಯಾಯಿತು. ಕೇಳಬಾರದೆಂದು ಇಷ್ಟು ಕಾಲ ಬಾಯಿ ಕಟ್ಟಿಕೊಂಡಿದ್ದವಳು ಈಗ ಕೇಳಿದಳು: "ಶನಿಯಾರನ ನೆನಪದ್ಯಾ? ಗಜನಿ ಕಟ್ಟೆ ಮೇಲೆ ಪಂಚೆ ಬಿಚ್ಚಿಸಿದ್ರಲ್ಲ. ನಾ ಅವ್ನ ಮಗ್ಳು."

ಒಡೇರು ಕಣ್ಣು ಕಿರಿದುಮಾಡಿ ಯೋಚಿಸಿದರು. ನಿಜವಾಗಿಯೂ ಯೋಚಿಸಿದರು.

"ಯಾವ ಶನಿಯಾರ?" ಎಂದರು. "ಸುಮಾರು ಜನ್ರದ್ದು ಬಿಚ್ಚಿಸಿದ್ದೆ. ಯಾರ್ಯಾರದ್ದಂತ ನೆನಪಿಡೂದು?"

ಮುದುಕನ ಮಂಡಿಯಿಂದ ಹೊದಿಕೆ ಜಾರಿತ್ತು. ದುರ್ಗಿ ಅದನ್ನು ಎಳೆದು ಮುಚ್ಚಿದಳು.

ಹೊರಗೆ ಬಾಗಿಲು ಬಡಿದರು. ಭಟ್ಟರ ದನಿ: "ಆತೇನೆ? ಬೆಂಕಿ ಆರ್ತದೆ, ಮುಹೂರ್ತ ಹೋಗ್ತದೆ."

ಕುಂಡದಲ್ಲಿ ತುಪ್ಪ ಹಾಕುವವರಿಲ್ಲದೆ ಉರಿ ಕುಗ್ಗಿ ಹೊಗೆಯಾಡುತ್ತಿತ್ತು. ದುರ್ಗಿ ಬಟ್ಟೆಯನ್ನು ಹಿಂಡಿ ಮತ್ತೊಮ್ಮೆ ಕಲಶದಲ್ಲಿ ಅದ್ದಿದಳು. ಈ ಸಲ ನೀರು ಕೆಂಪಾಯಿತು.

"ಆಗ್ಲಿಲ್ಲ" ಎಂದಳು. "ಹೊರಗೆ ನಿಂತ್ಕಳಿ."