ಹದಿನಾಲ್ಕು ಗೂಟ

ಡಿಸೆಂಬರಿನ ಮೊದಲ ಭಾನುವಾರ ಅಬ್ಬಾಸ್ ಅಲಿ ಶಿವಮೊಗ್ಗದ ಹೊಸಮನೆ ಬಡಾವಣೆಯ ನಮ್ಮ ಮನೆಗೆ ಟೆಂಟು ಕೇಳಲು ಬಂದ. ಜೊತೆಯಲ್ಲಿ ಹೆಂಡತಿ ಶಮ್ಸುನ್ನೀಸಾಳನ್ನೂ ಕರೆತಂದಿದ್ದ. ಟೆಂಟು ಕೇಳಲು ಹೆಂಡತಿ ಯಾಕೆ ಬರಬೇಕು ಎಂದು ನನಗೆ ಆಗಲೇ ಅನ್ನಿಸಿತು.

ಅಬ್ಬಾಸ್ ನನ್ನ ಯಜಮಾನರ ಗೆಳೆಯ. ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿ ಅವರ ಕೈಕೆಳಗೆ ಕೆಲಸ ಕಲಿತವನು. ಕಾಗದನಗರದಲ್ಲಿ ನಮ್ಮ ಕ್ವಾರ್ಟರ್ಸು ಅವನದರ ಎದುರಿಗೇ ಇತ್ತು. ಪ್ರತಿ ವರ್ಷ ಮಳೆಗಾಲ ಪೂರ್ತಿ ಕಳೆದ ಮೇಲೆ ಇಬ್ಬರೂ ಸಮುದ್ರದ ದಂಡೆಗೆ ಹೋಗಿ, ಟೆಂಟು ಹಾಕಿ, ಮೂರು ದಿನ ಇದ್ದು ಬರುತ್ತಿದ್ದರು. ಕಾರ್ಖಾನೆ ನಿಂತಿತು. ನಾವು ಶಿವಮೊಗ್ಗಕ್ಕೆ ಬಂದು ಮಗಳು ಸುಮನಾಳ ಜೊತೆ ಇರತೊಡಗಿದೆವು. ಆ ಮೂರು ದಿನ ಮಾತ್ರ ಒಂದು ವರ್ಷವೂ ತಪ್ಪಲಿಲ್ಲ. ಮೂವತ್ತೊಂದು ವರ್ಷ. ನಾನು ಒಮ್ಮೆಯೂ ಹೋದವಳಲ್ಲ. “ಹೋಗಿ, ನನ್ನ ಸವತಿ ಕಾಯ್ತಿರ್ತಾಳೆ” ಎಂದು ಬಾಗಿಲಲ್ಲಿ ನಿಂತು ಹೇಳುತ್ತಿದ್ದೆ. ಅವರು ನಕ್ಕು ಹೊರಡುತ್ತಿದ್ದರು. ಈ ವರ್ಷ ಶಿವರಾತ್ರಿ ಆಗಿ ಒಂಬತ್ತನೆಯ ದಿನ ಅವರು ಲಿಂಗೈಕ್ಯರಾದರು.

“ಅಕ್ಕ, ಈ ವರ್ಷ ಬಿಟ್ರೆ ಮುರುಗೇಶಣ್ಣನಿಗೇ ಬೇಜಾರಾಗ್ತದೆ ಅನ್ನಿಸ್ತು,” ಎಂದ ಅಬ್ಬಾಸ್. ನನ್ನ ಯಜಮಾನರನ್ನು ಅವನು ಹಾಗೆಯೇ ಕರೆಯುತ್ತಿದ್ದ. “ಅದಕ್ಕೆ ಈ ಸಲ ಇವಳನ್ನ ಕರ್ಕೊಂಡು ಹೋಗ್ತೀನಿ.”

“ನಾನೇನೂ ಕೇಳಿಲ್ಲ ಅಕ್ಕ,” ಎಂದಳು ಶಮ್ಸು. “ಇವರಿಗೆ ಒಬ್ಬರೇ ಮಲಗೋಕೆ ಹೆದರಿಕೆ.”

“ಹೆದರಿಕೆ ಅಲ್ಲ ಮಾರಾಯ್ತಿ. ಟೆಂಟು ಹಾಕುವಾಗ ಇನ್ನೊಂದು ಕಂಬ ಹಿಡಿಯೋರು ಬೇಕಲ್ಲ.”

“ನೋಡಿ ಅಕ್ಕ, ನಲವತ್ತು ವರ್ಷ ಸಂಸಾರ ಮಾಡಿದ್ದಕ್ಕೆ ಕಂಬದ ಕೆಲಸ ಸಿಕ್ತು.”

ಇಬ್ಬರೂ ನಕ್ಕರು. ನಾನು ಕಾಫಿ ತಂದೆ. ಅವಳು ಗಂಡನ ಲೋಟವನ್ನು ಮೊದಲು ತಾನು ತೆಗೆದುಕೊಂಡು, ಒಂದು ಗುಟುಕು ಕುಡಿದು, ಸಕ್ಕರೆ ಇಲ್ಲವೆಂದು ನೋಡಿ ಅವನ ಕೈಗೆ ಕೊಟ್ಟಳು. ಅವನು ನೋಡದೆಯೇ ಕೈ ಚಾಚಿದ. ಆ ಲೋಟದ ಮೇಲಿಂದ ನನ್ನ ಕಣ್ಣು ಕೀಳಲಾಗಲಿಲ್ಲ.

“ಜಾಗ ಯಾವುದು?” ಎಂದು ಕೇಳಿದೆ.

“ಅದೇ ಜಗಳ. ನನಗೆ ಬೈಂದೂರಿನ ಒತ್ತಿನೆಣೆ ಗುಡ್ಡ ಇಷ್ಟ. ಮೇಲಿಂದ ನೋಡಿದ್ರೆ ಸಮುದ್ರ ಎಲ್ಲ ಕಾಣ್ತದೆ. ಆದ್ರೆ ಅಲ್ಲಿ ಗಾಳಿ ಜಾಸ್ತಿ.”

“ನನ್ನ ಮಂಡಿಗೆ ಗುಡ್ಡ ಆಗಲ್ಲ,” ಎಂದಳು ಶಮ್ಸು.

“ಮರವಂತೆ ಕಡೆ ರೆಸಾರ್ಟಿನವರೇ ಟೆಂಟು ಹಾಕಿ ಕೊಡ್ತಾರೆ. ಬಾತ್ರೂಮೂ ಇದೆ.”

“ಅದಕ್ಕೆ ಅಷ್ಟು ದೂರ ಯಾಕೆ, ಮನೆ ಬಾತ್ರೂಮು ಸಾಲದಾ? ಅಣ್ಣನ ಹಳೇ ಜಾಗಕ್ಕೇ ಹೋಗೋಣ. ಅಷ್ಟು ವರ್ಷ ಅವರು ಅದನ್ನೇ ಹಿಡಿದಿದ್ರಲ್ಲ, ಏನಿದೆ ಅಂತ ನಾನೂ ನೋಡ್ತೀನಿ.”

ಅವಳು ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಆದರೂ ಎದೆಗೆ ಮುಳ್ಳು ಹೊಕ್ಕ ಹಾಗಾಯಿತು. ನಾನು ನೋಡದ ಜಾಗವನ್ನು ಅವಳು ನೋಡುವಳು. ನನ್ನ ಯಜಮಾನರು ಮಲಗಿದ ಟೆಂಟಿನಲ್ಲಿ ಅವಳು ಮಲಗುವಳು.

“ಗುರುವಾರ ಬನ್ನಿ, ತೆಗೆದಿಟ್ಟಿರ್ತೀನಿ,” ಎಂದೆ.

ಸಾಮಾನೆಲ್ಲ ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿತ್ತು. ಅವರ ಇಷ್ಟಲಿಂಗ ಅವರ ಅಂಗೈಯಲ್ಲೇ ಮಣ್ಣು ಸೇರಿತು. ಬಟ್ಟೆಗಳನ್ನು ಮಠಕ್ಕೆ ಕೊಟ್ಟೆವು. ಈ ಪೆಟ್ಟಿಗೆಯೊಂದನ್ನು ಮಾತ್ರ ನಾನು ಮುಟ್ಟಿರಲಿಲ್ಲ. ಮರುದಿನ ತೆರೆದೆ. ಒಳಗಿಂದ ಸೀಮೆಎಣ್ಣೆಯ ವಾಸನೆ ಬಂತು. ಮಡಚಿದ ಟೆಂಟು, ಪಂಪ್ ಸ್ಟೌವು, ಎರಡು ತಟ್ಟೆ, ಎರಡು ಲೋಟ, ಉಪ್ಪು ಖಾರಕ್ಕೆ ಪುಟ್ಟ ಡಬ್ಬಿಗಳು, ಕಾಫಿ ಸೋಸುವ ಬಟ್ಟೆ, ಸವೆದ ವಿಭೂತಿ ಗಟ್ಟಿ, ಕಂಚಿನ ತಂಬಿಗೆ. ಪ್ರತಿ ವರ್ಷ ನಾನು ಅವರ ಚೀಲದಲ್ಲಿ ಹೊಸ ವಿಭೂತಿ ಗಟ್ಟಿ ಇಟ್ಟು ಕಳಿಸುತ್ತಿದ್ದೆ. ಅದು ಮುಕ್ಕಾಗದೆ ಹಿಂದಕ್ಕೆ ಬರುತ್ತಿತ್ತು. ಅಲ್ಲಿ ಪೂಜೆಯನ್ನೇ ಬಿಡುತ್ತಾರೆ ಎಂದು ನಾನು ಒಳಗೊಳಗೇ ಕೋಪಿಸಿಕೊಂಡಿದ್ದೆ. ಈಗ ತಿಳಿಯಿತು, ಪೂಜೆ ಬಿಟ್ಟಿರಲಿಲ್ಲ. ಅಲ್ಲಿಗೆಂದೇ ಬೇರೆ ವಿಭೂತಿ, ಬೇರೆ ತಂಬಿಗೆ, ಬೇರೆ ಉಪ್ಪಿನ ಡಬ್ಬಿ. ಇನ್ನೊಂದು ಸಂಸಾರವೇ ಇತ್ತು.

ಮುಚ್ಚಳದ ಒಳಮೈಗೆ ಕಾರ್ಖಾನೆಯ ದಪ್ಪ ಕಾಗದ ಅಂಟಿಸಿ, ತಮ್ಮ ದುಂಡು ಅಕ್ಷರದಲ್ಲಿ ಒಂದು ಪಟ್ಟಿ ಬರೆದಿದ್ದರು. ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಓದಿದೆ. ನನಗೆ ಸಂಬಂಧಪಟ್ಟದ್ದು ಒಂದೂ ಇರಲಿಲ್ಲ. ಮೊದಲನೆಯದು ‘ಉದ್ದ ಹಗ್ಗ’. ಕೊನೆಯದು ‘ಗೂಟ ಹದಿನಾಲ್ಕು’.

ಗೂಟಗಳನ್ನು ಅವರೇ ಜಾಲಿಯ ಮರದಲ್ಲಿ ಕೆತ್ತಿದ್ದರು. ಅಂಗಡಿಯ ಮೋಟು ಗೂಟ ಮರಳಿನಲ್ಲಿ ನಿಲ್ಲುವುದಿಲ್ಲ, ಗಾಳಿ ಬಂದರೆ ಕಿತ್ತು ಬರುತ್ತದೆ, ಮೊಳದುದ್ದ ಇರಬೇಕು ಎನ್ನುತ್ತಿದ್ದರು. ಹದಿನಾಲ್ಕನ್ನೂ ಗೋಣಿತಾಟಿನಲ್ಲಿ ಸುತ್ತಿ, ದೇವರ ಕೋಣೆಯ ಮಣೆಯ ಕೆಳಗೆ ತಳ್ಳಿದೆ. ಪೆಟ್ಟಿಗೆಗೆ ಬೀಗ ಹಾಕಿದೆ. ಗೂಟವಿಲ್ಲದೆ ಆ ಟೆಂಟು ಯಾವ ದಂಡೆಯಲ್ಲೂ ಏಳುವುದಿಲ್ಲ. ಹಾಕಿಕೊಳ್ಳಲಿ ರೆಸಾರ್ಟಿನ ಟೆಂಟು.

ಆಮೇಲೆ ಮೂರು ಬೆಳಗ್ಗೆ ಅದೇ ಮಣೆಯ ಮೇಲೆ ಕುಳಿತೆ. ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದರೆ ಮನಸ್ಸು ಕೆಳಗೆ ಗೂಟಗಳ ಹತ್ತಿರ ಹೋಗುತ್ತಿತ್ತು. ಗಂಡನನ್ನು ಕಳೆದುಕೊಂಡ ಮೇಲೂ ನನ್ನ ಪೂಜೆ ಕೆಟ್ಟಿರಲಿಲ್ಲ. ಈಗ ಕೆಟ್ಟಿತು. ಆದರೂ ಗೂಟ ತೆಗೆಯಲಿಲ್ಲ.

ಗುರುವಾರ ಇಬ್ಬರೂ ಬಂದರು. ಅಬ್ಬಾಸ್ ಪಟ್ಟಿ ಓದುತ್ತ ಹೋದ, ಶಮ್ಸು ಒಂದೊಂದನ್ನೇ ಎತ್ತಿ ಚೀಲಕ್ಕೆ ಹಾಕಿದಳು. ಕೊನೆಯದಕ್ಕೆ ಬಂದಾಗ ಅವನು ಪೆಟ್ಟಿಗೆಯನ್ನೇ ಬಗ್ಗಿಸಿ ನೋಡಿದ.

“ಗೂಟ ಇಲ್ವಲ್ಲ ಅಕ್ಕ.”

“ಇದ್ದದ್ದೇ ಅಷ್ಟು,” ಎಂದೆ. ಮಾತು ಬೇರೆ ಕಡೆ ತಿರುಗಲಿ ಎಂದು ಹಗ್ಗ ತೋರಿಸಿದೆ. “ಟೆಂಟಿಗೆ ಇಷ್ಟು ಉದ್ದದ ಹಗ್ಗ ಯಾಕೆ?”

“ಅದು ಟೆಂಟಿನದಲ್ಲ, ಬಾವಿದು. ಗಾಳಿಮರದ ತೋಪಿನ ಹಿಂದೆ ಒಂದು ಬಾವಿ ಇದೆ. ಸಮುದ್ರ ಇಷ್ಟು ಹತ್ರ, ನೀರು ಮಾತ್ರ ಎಳನೀರು. ಆ ಬಾವಿಯಿಂದಲೇ ಅಣ್ಣ ಆ ಜಾಗ ಹಿಡಿದಿದ್ದು. ಮೊದಲನೇ ವರ್ಷ ಮರವಂತೇಲಿ ಉಳಿದ್ವಿ. ಎರಡನೇ ವರ್ಷ ಏನಾಯ್ತೋ, ಸಿಹಿನೀರಿನ ಬಾವಿ ಇರೋ ಜಾಗವೇ ಬೇಕು ಅಂತ ಇಡೀ ದಿನ ದಂಡೆ ಉದ್ದಕ್ಕೂ ನಡೆಸಿದ್ರು. ಕಾಲೆಲ್ಲ ಬೊಕ್ಕೆ.”

“ಪೂಜೆಗೆ ಇರಬೇಕು.”

“ಅವರ ಪೂಜೆಗೆ ದಾರೀಲೇ ಕ್ಯಾನಲ್ಲಿ ನೀರು ತುಂಬಿಸ್ಕೊಂಡು ಹೋಗ್ತಿದ್ವಿ ಅಕ್ಕ. ಸ್ನಾನ ಸಮುದ್ರದಲ್ಲೇ ಮುಗಿಸ್ತಿದ್ರು. ಬಾವಿ ಯಾಕಣ್ಣ ಅಂದ್ರೆ, ಇರಲಿ ಬಿಡು, ಬೇಕಾಗ್ತದೆ ಅನ್ನೋರು. ಪ್ರತಿ ವರ್ಷ ಆ ಹಗ್ಗ ಹೊತ್ತಿದ್ದು ನಾನು. ಆ ನೀರಲ್ಲಿ ಮಿಂದಿದ್ದೂ ನಾನೇ.”

ಆಗ ನನಗೆ ನೆನಪಾಯಿತು. ಆ ಮೊದಲನೆಯ ವರ್ಷ ಅವರು ಸಮುದ್ರದಿಂದ ಬಂದವರು ಕೈಕಾಲಿನ ಮರಳನ್ನೂ ತೊಳೆಯದೆ, “ಮುಂದಿನ ಸಲ ನೀನೂ ಬಾ” ಎಂದಿದ್ದರು. ನಾನು ಅಕ್ಕಿ ಆರಿಸುತ್ತಿದ್ದೆ. ತಲೆ ಎತ್ತದೆ ಹೇಳಿದ್ದೆ: “ಉಪ್ಪುನೀರಲ್ಲಿ ಮಿಂದು ಲಿಂಗ ಮುಟ್ಟೋಳಲ್ಲ ನಾನು. ಸಿಹಿನೀರಿನ ಬಾವಿ ಇಲ್ಲದ ಕಡೆ ಕಾಲಿಡಲ್ಲ.” ಅವರು ಬಾವಿ ಹುಡುಕಿ ಬರುವ ಹೊತ್ತಿಗೆ ನನಗೆ ಆ ಮಾತು ಮರೆತಿತ್ತು. ಮನೆಗೆ ಬಂದವರನ್ನು “ನನ್ನ ಸವತಿ ಹೇಗಿದ್ದಾಳೆ?” ಎಂದು ಕೇಳಿರಬೇಕು. ಅವರು ಬಾವಿಯ ಮಾತು ಎತ್ತಲೇ ಇಲ್ಲ.

ಅಳು ಬರುತ್ತದೆ ಎಂದುಕೊಂಡೆ. ಬರಲಿಲ್ಲ. ಬಂದದ್ದು ಮತ್ತೆ ಅದೇ ಹೊಟ್ಟೆಕಿಚ್ಚು. ನನಗೆಂದು ಹುಡುಕಿದ ಬಾವಿಯ ನೀರಿನಲ್ಲಿ ಮೂವತ್ತು ವರ್ಷ ಈ ಅಬ್ಬಾಸ್ ಮಿಂದಿದ್ದಾನೆ. ನಾಳೆ ಅದೇ ಹಗ್ಗ ಹಿಡಿದು ಅವನ ಹೆಂಡತಿ ಸೇದುತ್ತಾಳೆ.

ದೇವರ ಕೋಣೆಗೆ ಹೋಗಿ ಗೋಣಿತಾಟಿನ ಗಂಟನ್ನು ತಂದು ಅವನ ಮುಂದಿಟ್ಟೆ.

“ಅರೆ, ಎಲ್ಲಿದ್ವು?” ಎಂದ ಅಬ್ಬಾಸ್.

“ನಾನೇ ಬಚ್ಚಿಟ್ಟಿದ್ದೆ. ನಿಮಗೆ ಕೊಡಬಾರದು ಅಂತ.”

ಅವನು ಗೂಟ ಎಣಿಸತೊಡಗಿದ. ಶಮ್ಸು ನನ್ನನ್ನೇ ನೋಡುತ್ತಿದ್ದಳು.

“ಟೆಂಟಲ್ಲಿ ಎಷ್ಟು ಜನ ಮಲಗಬಹುದು?” ಎಂದು ಕೇಳಿದೆ.

“ಇಬ್ಬರು. ಯಾಕಕ್ಕ?”

“ಹಾಗಾದ್ರೆ ನಾನೂ ಶಮ್ಸೂ ಮಲಗ್ತೀವಿ. ನೀನು ನಿನ್ನ ಕಾರಲ್ಲಿ ಮಲಗು. ಮೂವತ್ತೊಂದು ವರ್ಷ ಒಳಗೆ ಮಲಗಿದ್ದು ಸಾಕು.”

ಶಮ್ಸು ಸೆರಗು ಬಾಯಿಗೆ ಹಿಡಿದು ನಕ್ಕಳು. “ಕೇಳಿದ್ರಾ? ಈಗ ಕಂಬ ನೀವು.”

ನಾನು ಹಗ್ಗವನ್ನು ಅವಳ ಚೀಲದಿಂದ ತೆಗೆದು, ಸುರುಳಿ ಮಾಡಿ, ನನ್ನ ಪೂಜೆಯ ಚೀಲದ ಪಕ್ಕದಲ್ಲಿಟ್ಟುಕೊಂಡೆ.

“ಇದು ನನ್ನ ಹತ್ರ ಇರಲಿ,” ಎಂದೆ. “ಮೊದಲನೇ ಕೊಡ ನಾನು ಸೇದಬೇಕು. ಆಮೇಲೆ ಯಾರು ಬೇಕಾದ್ರೂ ಸೇದಿ.”